ಚಿಕ್ಕಪ್ಪನ ಮನೆಯ ನಾಲ್ಕು ಸಿಂಹ: ಒಂದೇ ಉಡುಗೊರೆಯನ್ನು ಎರಡು ಸಲ ಮಾಡಿಸಿದ ಪ್ರಕರಣ

ನಮ್ಮ ಚಿಕ್ಕಪ್ಪ ಸರ್ವೆ ಇಲಾಖೆಯಲ್ಲಿ 34 ವರ್ಷ ದುಡಿದು ಒಂದು ಏಪ್ರಿಲ್ ಕೊನೆಯ ದಿನ ನಿವೃತ್ತರಾದರು. ಏನು ಕೊಡೋದು ಅಂತ ನಾವು ಅಣ್ಣತಮ್ಮಂದಿರ ಮಕ್ಕಳೆಲ್ಲ ಸೇರಿ ಒಂದು ವಾರ ತಲೆ ಕೆಡಿಸಿಕೊಂಡೆವು. ಶಾಲು ಹೇಗೂ ಹತ್ತು ಬರುತ್ತೆ. ವಾಚು ಅವರು ಕಟ್ಟುವುದಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು ಮರದಲ್ಲಿ ಕೆತ್ತಿದ ಅಶೋಕನ ಸಿಂಹಗಳಿಗೆ. ಸರ್ಕಾರಿ ನೌಕರರಿಗೆ ಇದಕ್ಕಿಂತ ಒಪ್ಪುವಂಥದ್ದು ಏನಿದೆ ಅಂದುಕೊಂಡಿದ್ದೆವು. ಆ ಯೋಚನೆಯಲ್ಲೇ ತಪ್ಪು ಇತ್ತು. ಅದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಬೆಲೆ 5,200 ರೂಪಾಯಿ. 14 ಇಂಚು ಎತ್ತರ, "ಅಪ್ಪಟ ತೇಗ, ಕೈಕೆತ್ತನೆ" ಅಂತ ಬರೆದಿತ್ತು. ಕಡುಕಂದು ಪಾಲಿಷ್, ಮುಂದೆ ಮೂರು ಸಿಂಹ, ಹಿಂಬದಿ ಬರೀ ಚಪ್ಪಟೆ. ಕೆಳಗೆ ಹಿತ್ತಾಳೆಯ ನಾಗರಿ ಅಕ್ಷರದಲ್ಲಿ ಸತ್ಯಮೇವ ಜಯತೇ. ಹಾಗಂದುಕೊಂಡಿದ್ದೆವು, ಹತ್ತಿರದಿಂದ ನೋಡಿದರೆ "ತೇ" ಮೇಲಿನ ಮಾತ್ರೆ ಇರಲೇ ಇಲ್ಲ. "ಜಯತ" ಅಂತ ಆಗಿತ್ತು. ನಡುವಿನ ಚಕ್ರಕ್ಕೆ 24 ಕಡ್ಡಿ ಇರಬೇಕು. ನನ್ನ ಮಗಳು ಎಣಿಸಿ 16 ಅಂದಳು. ಕುದುರೆ ಮತ್ತು ಎತ್ತು ಚಕ್ರದ ಎರಡೂ ಕಡೆ ಮುಖಾಮುಖಿ ನಿಂತು ಜಗಳಕ್ಕೆ ಬಂದ ಹಾಗಿದ್ದವು. ಮೂಲದಲ್ಲಿ ಅವು ಒಂದರ ಹಿಂದೊಂದು ಒಂದೇ ದಿಕ್ಕಿಗೆ ಸಾಗುತ್ತವೆ. ಇದೆಲ್ಲ ಆಗ ಯಾರಿಗೆ ಗೊತ್ತಿತ್ತು? ನಾವು ಸುಮ್ನೆ ಅದರ ಬುಡಕ್ಕೆ ಒಂದು ಫಲಕ ಹೊಡೆಸಿದೆವು. ಚಿಕ್ಕಪ್ಪನ ಹೆಸರು, ಹುದ್ದೆ, ಮುಂದೆ "ನಿವೃತ್ತ". ದಾವಣಗೆರೆಯ ಅವರ ಮನೆಯ ಗೇಟಿನ ಪಕ್ಕ, ಗೋಡೆಯಲ್ಲಿ ಒಂದು ಗೂಡು ಇದೆ. ಅಲ್ಲೇ ಇಟ್ಟು ಫೋಟೊ ತೆಗೆಸಿಕೊಂಡೆವು.

ಮೇ ಎರಡನೇ ವಾರ ಚಿಕ್ಕಮ್ಮ ಫೋನ್ ಮಾಡಿದರು. "ಸಿಂಹದ ಎದೆ ಸೀಳಿದೆ ಕಣೋ."

ಹೋಗಿ ನೋಡಿದೆ. ನಡುವಿನ ಸಿಂಹದ ಗಂಟಲಿನಿಂದ ಚಕ್ರದವರೆಗೆ ಉದ್ದಕ್ಕೆ ಬಿರುಕು. ಎಟಿಎಂ ಕಾರ್ಡು ಆರಾಮಾಗಿ ಒಳಗೆ ಹೋಗುತ್ತಿತ್ತು. ಮಾರಿದವರಿಗೆ ಫೋಟೊ ಕಳಿಸಿದರೆ "ಮರ ನೈಸರ್ಗಿಕ ವಸ್ತು, ಬಿರುಕು ಸಹಜ" ಅಂತ ಒಂದು ಸಾಲಿನ ಉತ್ತರ ಬಂತು. ಅರ್ಧ ನಿಜ. ಅರ್ಧ ನಿಜಕ್ಕೆ ಉತ್ತರ ಕೊಡೋದು ಕಷ್ಟ.

ಗೇಟಿನ ಪಕ್ಕ ಇಟ್ಟಿದ್ದೇ ತೊಂದರೆ

ಬಿರುಕು ನೋಡಲು ಬಂದವರಲ್ಲಿ ನಮ್ಮ ಭಾವ ಒಬ್ಬರು. ವಕೀಲರು. ಅವರು ಬಿರುಕನ್ನು ನೋಡಲೇ ಇಲ್ಲ. ಗೂಡು, ಫಲಕ, ಹುದ್ದೆ ಇಷ್ಟನ್ನು ನೋಡಿ "ಇದನ್ನ ಮೊದಲು ಇಳಿಸಿ" ಅಂದರು.

ಅವರು ಹೇಳಿದ್ದು ಇಷ್ಟು. ರಾಷ್ಟ್ರ ಲಾಂಛನದ ಬಳಕೆಗೆಂದೇ 2005ರಲ್ಲಿ ಒಂದು ಕಾಯ್ದೆ ಬಂದಿದೆ, ಅದರ ಕೆಳಗೆ 2007ರ ನಿಯಮಗಳಿವೆ. ಸರ್ಕಾರಕ್ಕೆ ಸಂಬಂಧಪಟ್ಟದ್ದು ಎಂಬ ಭಾವನೆ ಬರುವ ಹಾಗೆ ಲಾಂಛನವನ್ನಾಗಲಿ ಅದನ್ನು ಹೋಲುವುದನ್ನಾಗಲಿ ಅನುಮತಿ ಇಲ್ಲದೆ ಬಳಸುವಂತಿಲ್ಲ. ವ್ಯಾಪಾರಕ್ಕೆ ಬಳಸುವುದಕ್ಕೂ ತಡೆ ಇದೆ. ಶಿಕ್ಷೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ನಮಗೆ ನಾಟಿದ್ದು ಇನ್ನೊಂದು ಮಾತು. ಯಾರು ಬಳಸಬಾರದು ಅಂತ ಹೇಳುವಾಗ ಆ ನಿಯಮ ಮಾಜಿ ಮಂತ್ರಿಗಳು, ಮಾಜಿ ಶಾಸಕರು, ಮಾಜಿ ನ್ಯಾಯಾಧೀಶರ ಜೊತೆಗೆ ನಿವೃತ್ತ ಸರ್ಕಾರಿ ಅಧಿಕಾರಿಗಳನ್ನೂ ಹೆಸರಿಸಿ ಹೇಳುತ್ತದೆ. ಅಂದರೆ ನಾವು ಕೊಟ್ಟ ಉಡುಗೊರೆ, ಅದನ್ನು ಪಡೆದವರ ಹೆಸರು ಕರೆದೇ ಬೇಡ ಅಂದ ಹಾಗಿತ್ತು!

ಚಿಕ್ಕಪ್ಪನಿಗೆ ಬೇಜಾರಾಗುತ್ತೆ ಅಂದುಕೊಂಡೆ. ಅವರು ನಕ್ಕರು. "ನನಗೆ ಸರ್ಕಾರದ ಮುದ್ರೆ ಯಾಕೋ ಮಾರಾಯ, 34 ವರ್ಷ ದಿನಾ ಕಾಗದದ ಮೇಲೆ ನೋಡಿದೀನಿ. ನನಗೆ ಬೇಕಾಗಿದ್ದು ಆ ಅಶೋಕ."

ಇದರ ಹಿಂದೆ ಒಂದು ಕತೆ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ರಾಯಚೂರು ಜಿಲ್ಲೆಯಲ್ಲಿದ್ದರು. ಜಮೀನು ಅಳೆಯುವ ಚೈನು ಹಿಡಿದು ಮಸ್ಕಿ ಸುತ್ತಮುತ್ತ ತಿರುಗಿದವರು. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಒಂದು ಶಾಸನ ಇದೆ. ಅದು ಬೆಳಕಿಗೆ ಬಂದದ್ದು 1915ರಲ್ಲಿ. ಅಲ್ಲಿಯವರೆಗೆ ಓದಿದ್ದ ಶಾಸನಗಳಲ್ಲಿ "ದೇವರಿಗೆ ಪ್ರಿಯನಾದ ಪ್ರಿಯದರ್ಶಿ" ಅಂತಲೇ ಇತ್ತು. ಮಸ್ಕಿಯಲ್ಲಿ ಮೊದಲ ಸಲ "ಅಶೋಕ" ಎಂಬ ಹೆಸರು ಸಿಕ್ಕಿತು. ಆ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿದ್ದನ್ನು ಚಿಕ್ಕಪ್ಪ ಈಗಲೂ ಹೇಳುತ್ತಾರೆ.

ಅಲ್ಲಿಗೆ ಪ್ರಶ್ನೆ ಬದಲಾಯಿತು. ನಮಗೆ ಬೇಕಾದದ್ದು ಯಾವುದರ ಪ್ರತಿಕೃತಿ? ಕಲ್ಲಿನದೋ, ಮುದ್ರೆಯದೋ?

ಎರಡೂ ಒಂದೇ ಅಂತ ನಾವೆಲ್ಲ ತಿಳಿದಿರುತ್ತೇವೆ. ಕಲ್ಲು ಅಂದರೆ ಕಾಶಿ ಹತ್ತಿರದ ಸಾರನಾಥದಲ್ಲಿ ಅಶೋಕ ನಿಲ್ಲಿಸಿದ ಕಂಬದ ತಲೆ. ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಚುನಾರಿನ ಮರಳುಗಲ್ಲಿನ ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಸುಮಾರು 7 ಅಡಿ. 1905ರಲ್ಲಿ ಅಗೆದು ತೆಗೆದರು, ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಲ್ಕು ಸಿಂಹ. ಅವುಗಳ ಕೆಳಗಿನ ಪಟ್ಟಿಯಲ್ಲಿ ಆನೆ, ಎತ್ತು, ಕುದುರೆ, ಸಿಂಹ, ಅವುಗಳ ನಡುನಡುವೆ ಚಕ್ರ. ಅದರ ಕೆಳಗೆ ಗಂಟೆಯ ಹಾಗೆ ತಲೆಕೆಳಗಾದ ತಾವರೆ. ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಚಕ್ರವೂ ಇತ್ತು, ಅದು ಒಡೆದು ಚೂರಾಗಿದೆ. ಮುದ್ರೆ ಅಂದರೆ 1950ರ ಜನವರಿ 26ರಂದು ದೇಶ ಇದನ್ನು ನೋಡಿ ತನಗೆಂದು ಮಾಡಿಕೊಂಡ ರೂಪ. ಅದರಲ್ಲಿ ಮೂರೇ ಸಿಂಹ ಕಾಣುತ್ತವೆ. ತಾವರೆ ಇಲ್ಲ. ಆನೆ ಇಲ್ಲ. ಕೆಳಗೆ ಮುಂಡಕೋಪನಿಷತ್ತಿನ ಸತ್ಯಮೇವ ಜಯತೇ ಇರಲೇಬೇಕು.

ನಾವು ತರಿಸಿದ್ದು ಮುದ್ರೆಯನ್ನು. ಚಿಕ್ಕಪ್ಪನಿಗೆ ಬೇಕಾದದ್ದು ಕಲ್ಲು.

ಸಾಗರದಲ್ಲಿ

ಸಾಗರ, ಸೊರಬದ ಕಡೆ ಗುಡಿಗಾರರು ತಲೆಮಾರಿನಿಂದ ಗಂಧ ಮತ್ತು ಮರದ ಕೆತ್ತನೆ ಮಾಡುತ್ತಾ ಬಂದಿದ್ದಾರೆ. ಜೂನ್ ಮೊದಲಲ್ಲಿ, ಮಳೆ ಹಿಡಿಯುವ ಮುಂಚೆ, ಪರಿಚಯದವರ ಮೂಲಕ ಒಬ್ಬ ಹಿರಿಯ ಕೆತ್ತನೆಗಾರರ ಮನೆಗೆ ಹೋದೆ. ಒಡೆದ ಸಿಂಹವನ್ನೂ ಗೋಣಿಚೀಲದಲ್ಲಿ ಸುತ್ತಿ ಒಯ್ದಿದ್ದೆ.

ಅವರು ಅದರ ಮುಖ ನೋಡಲಿಲ್ಲ. ತಲೆಕೆಳಗು ಮಾಡಿ ಬುಡ ನೋಡಿದರು. "ಇಲ್ಲಿ ನೋಡಿ" ಅಂತ ಒಂದು ಚುಕ್ಕೆ ತೋರಿಸಿದರು. ಅದರ ಸುತ್ತ ಉಂಗುರ ಉಂಗುರ. ಮರದ ನಟ್ಟನಡುವಿನ ತಿರುಳು ಅದು. "ತೆಳ್ಳನೆ ಮರ, ಹಸಿ ಇದ್ದಾಗಲೇ ಇಡೀ ದಿಮ್ಮಿ ಕೆತ್ತಿದ್ದಾರೆ. ಇದು ಒಡೆಯದೆ ಇನ್ನೇನು ಮಾಡುತ್ತೆ ಮಾರಾಯ್ರೆ?"

ಒಣಗುವಾಗ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡಕ್ಕೆ ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉಂಗುರದ ಸುತ್ತಿನ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಸುತ್ತಳತೆ ಜಾಸ್ತಿ ಕುಗ್ಗಿ ಒಳಗಿನದ್ದು ಅಷ್ಟು ಕುಗ್ಗದಿದ್ದರೆ ಹೊರಮೈ ಎಲ್ಲೋ ಒಂದು ಕಡೆ ಬಿಡಲೇಬೇಕು. ತಿರುಳು ಒಳಗೇ ಉಳಿದ ದಿಮ್ಮಿ ಸೀಳುವುದು ಇದಕ್ಕೇ. ದಾವಣಗೆರೆಯ ಬೇಸಿಗೆ ಅದಕ್ಕೆ ಮುಹೂರ್ತ ಇಟ್ಟಿತು, ಅಷ್ಟೇ. ಮರ ನೈಸರ್ಗಿಕ ವಸ್ತು ಅನ್ನುವ ಮಾತಿನ ಉಳಿದರ್ಧ ಇದು: ಬಿರುಕು ಸಹಜ ನಿಜ, ಆದರೆ ಅದು ಎಲ್ಲಿಂದ ಬರುತ್ತೆ ಅಂತ ಕೆತ್ತುವವರಿಗೆ ಮೊದಲೇ ಗೊತ್ತಿರುತ್ತದೆ.

ನಾನು ತೇಗವೋ ಬೀಟೆಯೋ ಅಂತ ಕೇಳಿದೆ. ಅವರು ಶಿವನೆ ಅಂದರು. ನನಗೆ ಸ್ವಲ್ಪ ನಿರಾಸೆ ಆಯಿತು, ಹೆಸರಿಗೆ ತೂಕ ಇಲ್ಲ ಅಲ್ವಾ? ಒಳಗೆ ಹೋಗಿ ಒಂದು ತುಂಡು ತಂದು ಕೈಗಿಟ್ಟರು. ತಿಳಿಹಳದಿ, ಹಗುರ, ಮುಟ್ಟಿದರೆ ನುಣುಪು. ಮೊಬೈಲಿನಲ್ಲಿದ್ದ ಸಾರನಾಥದ ಫೋಟೊದ ಪಕ್ಕ ಹಿಡಿದರು. ಬಣ್ಣ ಹೆಚ್ಚುಕಡಿಮೆ ಅದೇ! ಶಿವನೆ ಒಣಗಿದ ಮೇಲೆ ಸೊಟ್ಟಗಾಗುವುದು, ಅಲುಗುವುದು ಕಡಿಮೆ. ಉಳಿಗೆ ಚೆನ್ನಾಗಿ ಬರುತ್ತದೆ. ಚುನಾರಿನ ಕಲ್ಲಿನ ಬಣ್ಣಕ್ಕೆ ಪಾಲಿಷ್ ಬಣ್ಣವೇ ಬೇಡ. ಕಡುಕಂದು ತೇಗದಲ್ಲಿ ಮಾಡಿದರೆ ಅದು ಸಿಂಹದ ಕಾಲಿರುವ ಪೀಠೋಪಕರಣದ ಹಾಗೆ ಕಾಣುತ್ತದೆ ಅನ್ನೋದು ಈಗ ನನ್ನ ಅಭಿಪ್ರಾಯ ಕೂಡ.

ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಎಷ್ಟು ಎತ್ತರದಲ್ಲಿ ಇಡ್ತೀರಿ?"

ಷೋಕೇಸಿನ ಮೇಲೆ ಅಂದೆ. ಹಾಗಾದರೆ ಕೆಳಗಿನಿಂದ ನೋಡುತ್ತೀರಿ, ದವಡೆ ದೊಡ್ಡದಾಗಿ ಕಾಣುತ್ತೆ, ಹಲ್ಲು ಮುಂದೆ ಬರುತ್ತೆ, ಸಿಂಹ ಸಿಟ್ಟಾದ ಹಾಗಿರುತ್ತೆ ಅಂದರು. 2022ರ ಜುಲೈನಲ್ಲಿ ಹೊಸ ಸಂಸತ್ ಭವನದ ಮೇಲಿನ ಆರೂವರೆ ಮೀಟರ್ ಎತ್ತರದ ಕಂಚಿನ ಲಾಂಛನ ಅನಾವರಣ ಆದಾಗ ಸಿಂಹಗಳ ಮುಖ ಉಗ್ರವಾಗಿದೆ ಅಂತ ದೇಶವೆಲ್ಲ ವಾದ ಮಾಡಿತ್ತು, ನೆನಪಿರಬಹುದು. ಕೆಳಗಿನಿಂದ ತೆಗೆದ ಫೋಟೊಗಳಿಂದ ಹಾಗೆ ಕಾಣುತ್ತದೆ ಎಂಬ ಉತ್ತರವೂ ಬಂದಿತ್ತು. ಆ ವಾದದಲ್ಲಿ ಯಾರು ಸರಿ ಅಂತ ನಾನು ಹೇಳಲಾರೆ. ಆದರೆ 15 ಇಂಚಿನ ಮರದಲ್ಲೂ ಅದೇ ಲೆಕ್ಕ ನಡೆಯುತ್ತದೆ. ಕೊನೆಗೆ ಹಾಲ್‌ನ ನಡುವೆ ಗುಂಡನೆಯ ಟೀಪಾಯಿ ಮೇಲೆ ಇಡುವುದು ಅಂತ ತೀರ್ಮಾನ ಆಯಿತು. ಕೂತವರ ಕಣ್ಣಿಗೆ ಸಮ. ಗೋಡೆಗೆ ಆನಿಸದ ಕಾರಣ ನಾಲ್ಕನೇ ಸಿಂಹವೂ ಕಾಣುತ್ತದೆ. ಕಾಣದ ಸಿಂಹಕ್ಕೆ ದುಡ್ಡು ಕೊಡೋದು ಯಾಕೆ ಅಂತ ಅವರೇ ತಮಾಷೆ ಮಾಡಿದ್ದರು.

ಬೆಲೆ 24,000 ರೂಪಾಯಿ. ಮುಂಗಡ 8,000. ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂದರು.

ಕೆಲಸ ನಡೆದ ರೀತಿ

ಒಂದೇ ತುಂಡಿನಲ್ಲಿ ಆಗಬೇಕು ಅಂತ ಚಿಕ್ಕಪ್ಪನ ಹಟ. ಮೂಲ ಒಂದೇ ಕಲ್ಲಲ್ವಾ ಅಂತ. ತಾವರೆ, ಪಟ್ಟಿ, ಸಿಂಹ ಮೂರನ್ನೂ ಬೇರೆ ಬೇರೆ ಕೆತ್ತಿ ಗೂಟ ಹಾಕಿ ಕೂಡಿಸಿದರೆ ಮರ ಸಿಗುವುದು ಸುಲಭ, ಅಗ್ಗ ಕೂಡ. ಒಂದೇ ತುಂಡಿಗೆ 15 ಇಂಚು ಎತ್ತರ, 7 ಇಂಚು ಚದರದ ತೊಲೆ ಬೇಕು. ಅದರಲ್ಲಿ ತಿರುಳು ಇರಬಾರದು. ಅಂದರೆ ತಿರುಳಿನ ಪಕ್ಕಕ್ಕೆ ಕೊಯ್ಯುವಷ್ಟು ದಪ್ಪ ಮರ ಬೇಕು. ಎರಡು ವರ್ಷ ಒಣಗಿದ ಒಂದು ದಿಮ್ಮಿ ಅವರ ಹತ್ತಿರ ಇತ್ತು, ಅದೃಷ್ಟ.

ಎರಡು ವರ್ಷ ಒಣಗಿದ್ದರೂ ಅವರು ನಂಬಲಿಲ್ಲ. ಕೊಯ್ದ ತುಂಡನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿದರು. ಪ್ರತಿ ಭಾನುವಾರ ಇಳಿಸಿ ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿ ನನಗೆ ಫೋಟೊ ಕಳಿಸುತ್ತಿದ್ದರು. 6 ಕೆಜಿ 300 ಗ್ರಾಂ. 6 ಕೆಜಿ 80. 5 ಕೆಜಿ 960. 5 ಕೆಜಿ 900. ಮತ್ತೆ 5 ಕೆಜಿ 900. ಎರಡು ವಾರ ತೂಕ ಬದಲಾಗದಿದ್ದರೆ ಮರ ಬಿಡಬೇಕಾದ ನೀರನ್ನು ಬಿಟ್ಟಿದೆ ಅಂತ ಅರ್ಥ. ಹೊರಗೆ ಸಾಗರದ ಜುಲೈ ಮಳೆ. ಅಟ್ಟ ಇಲ್ಲದಿದ್ದರೆ ಮರ ನೀರು ಬಿಡುವ ಬದಲು ಕುಡಿಯುತ್ತಿತ್ತು. ಕೆತ್ತುವ ಮುಂಚೆ ಬುಡದಿಂದ ಒಂದೂವರೆ ಇಂಚು ಅಗಲದ ತೂತು ಅರ್ಧದವರೆಗೆ ಕೊರೆದು ಒಳಗೆ ಪೊಳ್ಳು ಮಾಡಿದರು. ಮರ ಒಳಗಿನಿಂದಲೂ ಹೊರಗಿನಿಂದಲೂ ಉಸಿರಾಡಲಿ ಅಂತ.

ನಮ್ಮ ಕಡೆಯಿಂದ ಸಿಕ್ಕ ದೊಡ್ಡ ಅಡ್ಡಿ ಫೋಟೊಗಳದ್ದು. ಎಲ್ಲಿ ಹುಡುಕಿದರೂ ಮುಂಬದಿಯದ್ದೇ. ನಾಣ್ಯ, ನೋಟು, ಸರ್ಕಾರಿ ಕಾಗದ ನೋಡಿ ನೋಡಿ ನಮ್ಮ ಕಣ್ಣಿಗೆ ಎತ್ತು, ಕುದುರೆ ಮಾತ್ರ ಗೊತ್ತು. ಹಿಂದಿನ ಆನೆ ಹೇಗಿದೆ, ಪಟ್ಟಿಯ ಸಿಂಹ ಹೇಗಿದೆ ಅಂತ ತೋರಿಸುವ ಚಿತ್ರ ಹುಡುಕಲು ನನಗೆ ಎರಡು ವಾರ ಹಿಡಿಯಿತು. ಪ್ರತಿಕೃತಿ ಮಾಡಿಸುವವರು ಮೊದಲು ನಾಲ್ಕೂ ಬದಿಯ ಫೋಟೊ ಕೂಡಿಸಿಕೊಂಡು ಆಮೇಲೆ ಮುಂಗಡ ಕೊಡಿ.

ಚಕ್ರದ ಕೆಲಸವನ್ನು ನಾನು ಎದುರು ಕೂತು ನೋಡಿದೆ. ಚಕ್ರದ ಅಡ್ಡಳತೆ ಒಂದೂಕಾಲು ಇಂಚು. ಸುತ್ತಳತೆ 100 ಮಿಲಿಮೀಟರ್. 24 ಕಡ್ಡಿಗೆ ಹಂಚಿದರೆ ಕಡ್ಡಿ ಮತ್ತು ಸಂದು ಸೇರಿ ನಾಲ್ಕು ಮಿಲಿಮೀಟರ್. ಚಕ್ರದ ನಡುವಿನ ಗುಂಬದ ಹತ್ತಿರ ಬಂದರೆ ಒಂದೇ ಮಿಲಿಮೀಟರ್! ಮೊದಲಿನವರು 16ಕ್ಕೆ ಯಾಕೆ ನಿಲ್ಲಿಸಿದರು ಅಂತ ಅಲ್ಲಿ ಅರ್ಥವಾಯಿತು. ಇವರು ಕೈವಾರದಲ್ಲಿ ವೃತ್ತ ಎಳೆದರು. ಕೈವಾರ ಬದಲಿಸದೆ ಅಂಚಿನ ಮೇಲೆ ನಡೆಸಿದರೆ ಆರು ಪಾಲು. ಪ್ರತಿ ಪಾಲನ್ನು ಅರ್ಧ ಮಾಡಿದರೆ 12, ಮತ್ತೆ ಅರ್ಧ ಮಾಡಿದರೆ 24. ಕೋನಮಾಪಕ ಬೇಕಾಗಲಿಲ್ಲ. ಕೆತ್ತುವಾಗ ನಿಂತ ಕಡ್ಡಿಗಳು ಸಲೀಸಾಗಿ ಬಂದವು. ಅಡ್ಡ ಕಡ್ಡಿಗಳಲ್ಲಿ ಮರದ ಎಳೆ ಕಡ್ಡಿಗೆ ಅಡ್ಡಲಾಗಿ ಓಡುತ್ತದೆ, ಉಳಿ ಸ್ವಲ್ಪ ಒತ್ತಿದರೂ ಚಕ್ಕೆ ಹಾರುತ್ತದೆ. ಅವನ್ನು ಉಳಿಯಲ್ಲಿ ಕಡಿಯದೆ, ಚೂಪು ಚಾಕುವಿನಲ್ಲಿ ಎರಡೂ ಕಡೆಯಿಂದ ಗೀರಿ ಗೀರಿ ಬಿಡಿಸಿದರು. ಒಂದು ಚಕ್ರಕ್ಕೆ ಒಂದು ದಿನ. ನಾಲ್ಕು ಚಕ್ರ.

ಮೇಲಿನ ದೊಡ್ಡ ಚಕ್ರ ಬೇಕಾ ಅಂತ ಕೇಳಿದರು. 32 ಕಡ್ಡಿಯ ತೆಳು ಬಿಲ್ಲೆ, ಸುತ್ತ ಗಾಳಿ. ಗುಡಿಸುವಾಗ ಬಟ್ಟೆ ತಗುಲಿದರೂ ಅಡ್ಡ ಕಡ್ಡಿಗಳು ಮುರಿಯುತ್ತವೆ. ಮೂಲದಲ್ಲೇ ಉಳಿದಿಲ್ಲ, ನಮಗೂ ಬೇಡ ಅಂದೆವು.

ಉಪ್ಪು ಕಾಗದ ತಿಕ್ಕುವಾಗ ಆನೆಯ ಸೊಂಡಿಲ ತುದಿ ಮುರಿಯಿತು. ಅವರು ಅಂಟಿಸಿ, ಅಂಟಿಸಿದ್ದೇನೆ ಅಂತ ಫೋನ್ ಮಾಡಿ ಹೇಳಿದರು. ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸೆಪ್ಟೆಂಬರಿಗೆ ಕೆತ್ತನೆ ಮುಗಿದರೂ ಪಾಲಿಷ್ ಮಾಡಲಿಲ್ಲ. ಗಾಳಿಯಲ್ಲಿ ತೇವ ಇದ್ದಾಗ ಅರಗಿನ ಪಾಲಿಷ್ ಬಿಳಿಚಿಕೊಳ್ಳುತ್ತದೆ. ಅಕ್ಟೋಬರಿನ ಬಿಸಿಲು ಬಂದ ಮೇಲೆ ತೆಳ್ಳಗೆ ಎರಡು ಕೈ ಅರಗು, ಮೇಲೆ ಜೇನುಮೇಣ. ಇಲ್ಲಿ ನಾನು ಸ್ವಲ್ಪ ತಕರಾರು ತೆಗೆದೆ. ಅಶೋಕನ ಕಾಲದ ಕಂಬಗಳ ಹೊಳಪು ಕನ್ನಡಿಯಂಥದ್ದು, ಎರಡು ಸಾವಿರ ವರ್ಷ ದಾಟಿದರೂ ಮಾಸಿಲ್ಲ, ನಮ್ಮದೂ ಹೊಳೆಯಲಿ ಅಂದೆ. "ಕಲ್ಲಿಗೆ ಒಪ್ಪುತ್ತೆ. ಮರಕ್ಕೆ ಅಷ್ಟು ಹೊಳಪು ಕೊಟ್ಟರೆ ಪ್ಲಾಸ್ಟಿಕ್ ಅಂತಾರೆ ನೋಡಿ" ಅಂದರು. ಸುಮ್ಮನಾದೆ. ಅವರು ಸರಿ.

ಒಟ್ಟು 26 ದಿನದ ಕೆಲಸ. ಮರಕ್ಕೆ ಸುಮಾರು 2,500 ಕಳೆದರೆ ದಿನಕ್ಕೆ 830 ರೂಪಾಯಿಯೂ ಬರಲಿಲ್ಲ. ಗಾರೆ ಮೇಸ್ತ್ರಿ ಇದಕ್ಕಿಂತ ಜಾಸ್ತಿ ಕೇಳುತ್ತಾನೆ. ಮೊದಲು ತುಟ್ಟಿ ಅನ್ನಿಸಿದ್ದು ನೆನೆದು ನಾಚಿಕೆಯಾಯಿತು.

ಅವರ ಕೋಣೆಯಲ್ಲಿ ಗಂಡಭೇರುಂಡಗಳೂ ಇದ್ದವು. ಅದರ ಬಗ್ಗೆಯೂ ಕೇಳಿದೆ, ಅದು ನಮ್ಮ ರಾಜ್ಯದ ಮುದ್ರೆಯಲ್ಲಿದೆ ಅಲ್ವಾ ಅಂತ. "ನಾನು ಮಾಡೋದು ಕೆಳದಿ ದೇವಸ್ಥಾನದ ಮೇಲ್ಛಾವಣಿಯಲ್ಲಿರುವ ಹಕ್ಕಿ. ಸರ್ಕಾರದ್ದು ಅವರ ಹತ್ತಿರವೇ ಇರಲಿ" ಅಂದರು. ಭಾವ ಒಂದು ಗಂಟೆ ಹೇಳಿದ್ದನ್ನು ಇವರು ಎರಡು ಮಾತಲ್ಲಿ ಮುಗಿಸಿದರು. ಹೆಸರು, ಹುದ್ದೆ ಹಾಕಿದ ಲಾಂಛನ ಬೇಕು ಅಂತ ಬರುವ ಗಿರಾಕಿಗಳನ್ನು ಅವರು ವಾಪಸ್ ಕಳಿಸುತ್ತಾರಂತೆ.

ಮನೆಗೆ ಬಂದ ಮೇಲೆ

ನವೆಂಬರಿನಲ್ಲಿ ಸಿಂಹಗಳು ದಾವಣಗೆರೆಗೆ ಬಂದವು. ಫಲಕ ಇಲ್ಲ, ಹೆಸರಿಲ್ಲ, ಸತ್ಯಮೇವ ಜಯತೇ ಇಲ್ಲ. ಭಾವ ಸುತ್ತ ಒಂದು ಪ್ರದಕ್ಷಿಣೆ ಬಂದು, ತಾವರೆ ಇದೆ, ನಾಲ್ಕು ಸಿಂಹ ಇದೆ, ಮನೆಯೊಳಗಿದೆ, ಇದು ಸಾರನಾಥದ ಶಿಲ್ಪದ ಪ್ರತಿಕೃತಿ, ನನಗೆ ತಕರಾರಿಲ್ಲ ಅಂದರು. ಕೋರ್ಟಿನ ತೀರ್ಪಲ್ಲ, ಅವರ ಅಭಿಪ್ರಾಯ. ಇಂಥದ್ದನ್ನು ಮಾಡಿ ಮಾರುವವರು ಮಾತ್ರ ತಮ್ಮದೇ ವಕೀಲರನ್ನು ಕೇಳಿಕೊಳ್ಳಬೇಕು, ವ್ಯಾಪಾರದ ಲೆಕ್ಕ ಬೇರೆ ಅಂತಲೂ ಸೇರಿಸಿದರು.

ಹಳೆಯದರ ಫಲಕ ಮತ್ತು ಅಕ್ಷರ ಕಿತ್ತು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೇವೆ. ಒಲೆಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ಬಂದವರು ಮೊದಲು ಕೇಳುವುದು "ಇದರಲ್ಲಿ ಆನೆ ಎಲ್ಲಿಂದ ಬಂತು?" ಅಂತ. ಚಿಕ್ಕಪ್ಪ ಅದಕ್ಕೇ ಕಾಯುತ್ತಿರುತ್ತಾರೆ. ಆನೆಯಿಂದ ಶುರುವಾಗಿ ಮಸ್ಕಿಯ ಬಂಡೆಗೆ ಬಂದು ಮುಟ್ಟುವಷ್ಟರಲ್ಲಿ ಎರಡು ಸಲ ಕಾಫಿ ಆಗಿರುತ್ತದೆ.

ಮಾರ್ಚಿನಲ್ಲಿ ತಾವರೆಯ ಎರಡು ಎಸಳುಗಳ ನಡುವೆ ಕೂದಲೆಳೆಯ ಬಿರುಕು ಕಾಣಿಸಿತು. ನನ್ನ ಎದೆ ಧಸಕ್ಕೆಂದಿತು. ಸಾಗರಕ್ಕೆ ಫೋನ್ ಮಾಡಿ, ಮರದಪುಡಿ ಅಂಟು ಕಲಸಿ ತುಂಬಲಾ ಅಂತ ಕೇಳಿದೆ. "ಬೇಡವೇ ಬೇಡ. ಮಳೆಗಾಲದಲ್ಲಿ ಮರ ಉಬ್ಬುತ್ತೆ, ತಾನೇ ಮುಚ್ಚಿಕೊಳ್ಳುತ್ತೆ. ಈಗ ತುಂಬಿದರೆ ಆಗ ಜಾಗ ಇಲ್ಲದೆ ಪಕ್ಕಕ್ಕೆ ಒಡೆಯುತ್ತೆ" ಅಂದರು.

ಸರ್ವೆ ಇಲಾಖೆಯವರು ಸುಮ್ಮನೆ ಕೂರುತ್ತಾರಾ? ಚಿಕ್ಕಪ್ಪ ಒಂದು ನೋಟ್‌ಬುಕ್ ಇಟ್ಟರು. ತಿಂಗಳ ಮೊದಲ ದಿನ ಬಿರುಕಿಗೆ ಕಾಗದದ ಹಾಳೆ ತೂರಿಸಿ ಎಷ್ಟು ಹಾಳೆ ಹಿಡಿಯುತ್ತೆ ಅಂತ ಅಳೆದು ಬರೆಯುತ್ತಾರೆ. ಏಪ್ರಿಲ್: ನಾಲ್ಕು ಹಾಳೆ. ಮೇ: ಐದು. ಜೂನ್: ಎರಡು. ಜುಲೈ ಸಾಲಿನಲ್ಲಿ "ಹೋಗಲಿಲ್ಲ" ಅಂತಿದೆ, ಪಕ್ಕದಲ್ಲಿ ಅಳತೆ ಮಾಡಿದವರ ಸಹಿ.